ಮೀಟರ್‌ನಲ್ಲಿ 214 ಇತ್ತು, ಮೋಟರ್ ಮಾತ್ರ ತಿರುಗಲಿಲ್ಲ

ಅಡಿಕೆ ಸುಲಿಯುವ ಮೆಷಿನ್ ಬರುವ ಮುಂಚೆ ಆ ಶೆಡ್‌ನಲ್ಲಿ ಇದ್ದದ್ದು ಎರಡು ಬಲ್ಬು, ಒಂದು ಫ್ಯಾನು, ಒಂದು ಪ್ಲಗ್ ಪಾಯಿಂಟು. ವೈರಿಂಗ್ ಮಾಡಿದ್ದು ನಾನೇ. ತೀರ್ಥಹಳ್ಳಿ ಕಡೆಯ ಗೌಡ್ರೊಬ್ಬರ ತೋಟದ ಮನೆ. ಕರೆಂಟ್ ಮೀಟರ್ ಇರುವುದು ಮನೆಯ ಜಗಲಿಯಲ್ಲಿ. ಶೆಡ್ ಇರುವುದು ಕೊಟ್ಟಿಗೆ ದಾಟಿ, ಗೊಬ್ಬರಗುಂಡಿ ದಾಟಿ, ತೋಟದ ಅಂಚಿನಲ್ಲಿ. ವೈರ್ ಹೋಗುವ ದಾರಿ ಹಿಡಿದು ಅಳೆದರೆ 110 ಮೀಟರ್. ವೈರ್ ಕಾಯಿಲ್ ಬರುವುದು 90 ಮೀಟರ್. ಉಳಿದ 20 ಮೀಟರ್‌ಗೆ ತುಂಡು ಸೇರಿಸಿ, ಜಾಯಿಂಟ್ ಮೇಲೆ ಟೇಪ್ ಸುತ್ತಿ, ಎರಡೂವರೆ ಸ್ಕ್ವೇರ್ (ಚದರ ಮಿಲಿಮೀಟರ್) ದಪ್ಪದ ತಾಮ್ರದ ವೈರನ್ನು ಪೈಪಿನೊಳಗೆ ಬೇಲಿಗುಂಟ ಎಳೆದಿದ್ದೆ. ಎರಡು ವರ್ಷ ಒಂದು ದೂರೂ ಬರಲಿಲ್ಲ.

ಆಮೇಲೆ ಸುಲಿಯುವವರು ಸಿಗುವುದು ಕಷ್ಟವಾಯಿತು. ಮೆಟ್ಟುಗತ್ತಿ ಮುಂದೆ ರಾತ್ರಿ ಹನ್ನೊಂದರವರೆಗೆ ಕೂರುವವರು ಈಗ ಎಲ್ಲಿದ್ದಾರೆ? ಗೌಡ್ರು ಮೆಷಿನ್ ಬುಕ್ ಮಾಡಿ ನನಗೆ ಫೋನ್ ಮಾಡಿದರು. "2 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಅಂತೆ. ನಮ್ಮ ಶೆಡ್ಡಿನ ವೈರ್ ತಡಿಯುತ್ತಾ ಮಾರಾಯ?" ನಾನು ಬೈಕ್ ಮೇಲೇ ಕೂತು ಲೆಕ್ಕ ಹಾಕಿದೆ. ಮೋಟರ್ ಎಳೆಯುವುದು ಸುಮಾರು 11 ಆಂಪ್ಸ್. ಎರಡೂವರೆ ಸ್ಕ್ವೇರ್ 20 ಆಂಪ್ಸ್ ಆರಾಮಾಗಿ ತಡೆಯುತ್ತೆ. "ಧಾರಾಳ ಸಾಕು ಗೌಡ್ರೆ" ಅಂದುಬಿಟ್ಟೆ.

ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದ ಮೊದಲ ವಾರವೇ ಫೋನ್ ಬಂತು. ಬೆಳಿಗ್ಗೆ ಹೇಗೋ ಸ್ಟಾರ್ಟ್ ಆಗುತ್ತಿದ್ದ ಮೆಷಿನ್ ಸಂಜೆ ಆದರೆ ಗುಂಯ್ ಅಂತ ನಿಂತುಬಿಡುತ್ತಿತ್ತು. ಗೌಡ್ರ ಮಗ ಸ್ವಿಚ್ ಹಾಕಿಕೊಂಡು ಬೆಲ್ಟನ್ನು ಕೈಯಲ್ಲಿ ಎಳೆದು ತಿರುಗಿಸುತ್ತಿದ್ದನಂತೆ. ಬೆರಳು ಹೋಗುತ್ತೆ ಕಣೋ ಅಂತ ಬೈದೆ. ಮೆಷಿನ್ ಕೊಟ್ಟವರು ಬಂದು ಕೆಪಾಸಿಟರ್ ಬದಲಾಯಿಸಿದರು. ಆಗಲಿಲ್ಲ. ಸಪ್ಲೈ ಕಡಿಮೆ ಇದೆ ಅಂತ ಹೇಳಿ ಹೋದರು. ಲೈನ್‌ಮ್ಯಾನ್ ಬಂದು ಶೆಡ್ಡಿನ ಪ್ಲಗ್‌ಗೆ ವೋಲ್ಟೇಜ್ ಅಳೆಯುವ ಮೀಟರ್ ಹಿಡಿದರು. 214. ಮನೆಯಲ್ಲೂ 214. "ಸೀಸನ್ ಟೈಮಲ್ಲಿ ಇಷ್ಟು ಬರುತ್ತಲ್ಲ, ಪುಣ್ಯ" ಅಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೂ ಹೋಗಿ ಹಾಗೇ ಅಳೆದೆ, ನನಗೂ 214 ಬಂತು. ಹಾಗಾದರೆ ಮೋಟರೇ ಸರಿ ಇಲ್ಲ ಅಂತ ನಾನೂ ಷರಾ ಬರೆದು ಮನೆಗೆ ಬಂದೆ.

ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ನಾವೆಲ್ಲ ಅಳೆದದ್ದು ಮೋಟರ್ ಆಫ್ ಮಾಡಿ! ವೈರಿನಲ್ಲಿ ಕರೆಂಟ್ ಹರಿಯದಿದ್ದರೆ ಡ್ರಾಪ್, ಅಂದರೆ ದಾರಿಯಲ್ಲಿ ವೋಲ್ಟೇಜ್ ಬೀಳುವುದು, ಎಲ್ಲಿಂದ ಬರಬೇಕು? ಪೈಪಿನ ಬಾಯಿ ಮುಚ್ಚಿಟ್ಟು ಪ್ರೆಷರ್ ನೋಡಿದ ಹಾಗೆ. ತೋಟದ ಕೊನೆಯಲ್ಲೂ ಪೂರ್ತಿ ಪ್ರೆಷರ್ ತೋರಿಸುತ್ತೆ. ಬಾಯಿ ಬಿಟ್ಟ ಮೇಲೆ ಗೊತ್ತಾಗುತ್ತೆ, ಅರ್ಧ ಇಂಚಿನ ಪೈಪಿನಲ್ಲಿ ಸ್ಪ್ರಿಂಕ್ಲರ್ ತಿರುಗಲ್ಲ ಅಂತ.

ಮಾರನೇ ದಿನ ಸಂಜೆ ಏಳಕ್ಕೆ ಹೋದೆ. ಜಗಲಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗನನ್ನು ಒಂದು ಮೀಟರ್ ಕೊಟ್ಟು ನಿಲ್ಲಿಸಿದೆ, ಶೆಡ್‌ನಲ್ಲಿ ಇನ್ನೊಂದು ಹಿಡಿದು ನಾನು ನಿಂತೆ. ಇಬ್ಬರ ಕಿವಿಗೂ ಫೋನು. ಗೌಡ್ರು ಸ್ವಿಚ್ ಹಾಕಿದರು. ಮೋಟರ್ ಗುಂಯ್ ಅಂದಿತು. ನನ್ನ ಮೀಟರ್ 214ರಿಂದ ಜಾರಿ 155ಕ್ಕೆ ಬಂದು ಅಲ್ಲೇ ಅಲುಗಾಡುತ್ತಿತ್ತು. "ಅಣ್ಣ, ಇಲ್ಲಿ 207" ಅಂದ ಹುಡುಗ. ತಲೆ ಮೇಲಿದ್ದ ಎಲ್‌ಇಡಿ ಬಲ್ಬು ಮಾತ್ರ ಏನೂ ಆಗದವರ ಹಾಗೆ ಉರಿಯುತ್ತಿತ್ತು.

ಈ ಬಲ್ಬಿನ ಬಗ್ಗೆ ಒಂದು ಮಾತು. ಹಿಂದೆ ತಂತಿ ಬಲ್ಬು ಇದ್ದಾಗ ಮೋಟರ್ ಹಾಕಿದ ಕೂಡಲೇ ಅದು ಕೆಂಪಗಾಗುತ್ತಿತ್ತು. ವೋಲ್ಟೇಜ್ ಬಿತ್ತು ಅಂತ ಮನೆಯ ಅಜ್ಜಿಗೂ ಗೊತ್ತಾಗುತ್ತಿತ್ತು. ಈಗಿನ ಎಲ್‌ಇಡಿ ಬಲ್ಬುಗಳಲ್ಲಿ ಬಹಳಷ್ಟು 150 ವೋಲ್ಟಿಗೂ ಅದೇ ಬೆಳಕು ಕೊಡುತ್ತವೆ. ನಮ್ಮ ಕೈಯಲ್ಲಿದ್ದ ಬಿಟ್ಟಿ ಮೀಟರ್ ಒಂದು ಹೋಯಿತು ಅನ್ನಿ.

ಸರಿಯಾದ ಲೆಕ್ಕ ಆಗ ಹಾಕಿದೆ. ಎರಡೂವರೆ ಸ್ಕ್ವೇರ್ ತಾಮ್ರಕ್ಕೆ ಕಿಲೋಮೀಟರ್‌ಗೆ 7.41 ಓಮ್ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ತಡೆ. 110 ಮೀಟರ್‌ಗೆ 0.81. ಆದರೆ ಕರೆಂಟ್ ಫೇಸಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕಲ್ವಾ, ಅದಕ್ಕೆ ಎರಡರಷ್ಟು: 1.63 ಓಮ್. ಈ ಎರಡರಷ್ಟನ್ನು ಮರೆಯುವವರು ನಮ್ಮ ಕೆಲಸದಲ್ಲೇ ಬೇಕಾದಷ್ಟು ಜನ ಇದ್ದಾರೆ. 11 ಆಂಪ್ಸ್‌ಗೆ ಗುಣಿಸಿದರೆ 18 ವೋಲ್ಟ್ ದಾರಿಯಲ್ಲೇ ಖರ್ಚು. ಸುಮಾರು 200 ವ್ಯಾಟ್ ಸುಮ್ನೆ ವೈರ್ ಕಾಯಿಸಲು ಹೋಗುತ್ತೆ, ಬಿಲ್ಲು ಗೌಡ್ರದ್ದು. 230ರಲ್ಲಿ ಶೇಕಡಾ 5 ಅಂದರೆ 11.5 ವೋಲ್ಟ್. ಅದರೊಳಗೆ ಇರಬೇಕು ಅಂತ ನಾವು ಕಲಿತದ್ದು.

ಇದು ಓಡುವಾಗಿನ ಮಾತು. ಸ್ಟಾರ್ಟ್ ಆಗುವಾಗ ಮೋಟರ್ ಐದು ಪಟ್ಟು, ಕೆಲವು ಸಲ ಇನ್ನೂ ಜಾಸ್ತಿ ಕರೆಂಟ್ ಕೇಳುತ್ತೆ. ಆಗ ಡ್ರಾಪ್ ಕೂಡ ಏರುತ್ತೆ. ಮೋಟರಿನ ತಿರುಗುವ ಬಲ ವೋಲ್ಟೇಜ್ ಜೊತೆ ನೇರಾನೇರ ಇಳಿಯಲ್ಲ, ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ. 230ರ ಜಾಗದಲ್ಲಿ 155 ಕೊಟ್ಟರೆ ಬಲ ಅರ್ಧಕ್ಕಿಂತ ಕಡಿಮೆ. ಬೆಲ್ಟ್, ರೋಲರ್ ಎಲ್ಲ ಎಳೆದುಕೊಂಡು ಏಳಲು ಅದಕ್ಕೆ ಶಕ್ತಿಯೇ ಇರಲಿಲ್ಲ. ಬೆಳಿಗ್ಗೆ ಊರಲ್ಲಿ ಲೋಡ್ ಕಡಿಮೆ, ಮನೆಗೆ 228 ಬರುತ್ತಿತ್ತು, ಹಾಗಾಗಿ ತೆವಳಿಕೊಂಡು ಏಳುತ್ತಿತ್ತು. ಇನ್ನೊಂದು ವಾರ ಹೀಗೇ ಬಿಟ್ಟಿದ್ದರೆ ವೈಂಡಿಂಗ್ ಸುಟ್ಟುಹೋಗುತ್ತಿತ್ತು.

"ಒಂದು ಸ್ಟೆಬಿಲೈಸರ್ ಇಟ್ಟರೆ ಆಗಲ್ವಾ?" ಅಂತ ಗೌಡ್ರು ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆ. ಶೆಡ್‌ನಲ್ಲಿ ಇಟ್ಟರೆ ಅದು 230 ಕೊಡಲು ಹೋಗಿ ಅದೇ ಸಣ್ಣ ವೈರಿನಿಂದ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತೆ. ಡ್ರಾಪ್ ಇನ್ನೂ ಹೆಚ್ಚುತ್ತೆ.

ನನಗೆ ನಿಜಕ್ಕೂ ಬೆವರು ಬಂದದ್ದು ಇದಕ್ಕಲ್ಲ. ಶೆಡ್ ಲೈನನ್ನು ನಾನು ಮನೆಯ 32 ಆಂಪ್ಸ್ ಎಂಸಿಬಿಯಿಂದಲೇ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಎಳೆದಿದ್ದೆ, ಬೇರೆ ಹಾಕಿರಲಿಲ್ಲ. ಎರಡು ಬಲ್ಬಿಗೆ ಯಾಕೆ ಅಂತ. ಅಂಥ ಸಿ ಟೈಪ್ ಎಂಸಿಬಿ ಶಾರ್ಟ್ ಆದ ಕ್ಷಣಕ್ಕೆ ಬೀಳಬೇಕಾದರೆ ಅದರ ರೇಟಿಂಗ್‌ನ 5ರಿಂದ 10 ಪಟ್ಟು ಕರೆಂಟ್ ಬೇಕು. 32ಕ್ಕೆ ಕನಿಷ್ಠ 160 ಆಂಪ್ಸ್. ಶೆಡ್‌ನಲ್ಲಿ ಫೇಸ್ ನ್ಯೂಟ್ರಲ್ ತಾಗಿದರೆ ಎಷ್ಟು ಹರಿಯುತ್ತೆ? 230 ಭಾಗಿಸು 1.63, ಅಂದರೆ 141. ಕಂಬದಿಂದ ಮನೆಯವರೆಗಿನ ಲೈನನ್ನು ಲೆಕ್ಕಕ್ಕೇ ಹಿಡಿದಿಲ್ಲ, ಹಿಡಿದರೆ ಇನ್ನೂ ಕಡಿಮೆ. ಅಂದರೆ ಹೆಗ್ಗಣ ವೈರ್ ಕಡಿದು ಶಾರ್ಟ್ ಆದರೂ ಎಂಸಿಬಿ ತಕ್ಷಣ ಬೀಳುತ್ತಿರಲಿಲ್ಲ. ಅದು ಬಿಸಿಯಾಗಿ ಬೀಳುವಷ್ಟು ಸೆಕೆಂಡುಗಳಲ್ಲಿ ವೈರಿನ ಪಿವಿಸಿ ಕರಗಬಹುದಿತ್ತು. ಅದೂ ಒಣ ಅಡಿಕೆ ಸಿಪ್ಪೆ ರಾಶಿ ಬಿದ್ದಿರುವ ಶೆಡ್‌ನಲ್ಲಿ.

ಹಳೇ ವೈರ್ ಹೊರಗೆ ಎಳೆದಾಗ ನನ್ನ ಜಾಯಿಂಟ್ ಕೂಡ ಕೈಗೆ ಬಂತು. ಟೇಪು ಬೆಲ್ಲದ ಪಾಕದ ಹಾಗೆ ಅಂಟಂಟು. ಬಿಚ್ಚಿದರೆ ಒಳಗೆ ತಾಮ್ರ ಕಪ್ಪಗೆ, ಎರಡು ಎಳೆ ಮುಟ್ಟಿದರೆ ಮುರಿದುಬಂತು. ಪೈಪಿನೊಳಗೆ ಜಾಯಿಂಟ್ ಬಿಡಬಾರದು ಅಂತ ಹುಡುಗರಿಗೆ ಹೇಳಿಕೊಡುವವನು ನಾನೇ. ಹುಡುಗ ನೋಡಿದ, ಏನೂ ಅನ್ನಲಿಲ್ಲ.

ಈ ಸಲ 16 ಸ್ಕ್ವೇರ್ ಅಲ್ಯೂಮಿನಿಯಂ ಆರ್ಮರ್ಡ್ (ಲೋಹದ ಕವಚ ಇರುವ) ಕೇಬಲ್ ಹಾಕಿದೆವು. ರೆಸಿಸ್ಟೆನ್ಸ್ ಲೆಕ್ಕದಲ್ಲಿ ಅದು 10 ಸ್ಕ್ವೇರ್ ತಾಮ್ರಕ್ಕೆ ಹತ್ತಿರ, ರೇಟು ಬಹಳ ಕಡಿಮೆ. ಹೋಗಿ ಬರುವ ದಾರಿಗೆ 0.42 ಓಮ್. ಎರಡೂವರೆ ಅಡಿ ಆಳ ತೆಗೆದು, ಮರಳು ಹಾಸಿ, ಕೇಬಲ್ ಇಟ್ಟು, ಮೇಲೆ ಮತ್ತೆ ಮರಳು, ಇಟ್ಟಿಗೆ. ಅಲ್ಯೂಮಿನಿಯಂಗೆ ತಾಮ್ರವನ್ನು ನೇರ ಸುತ್ತಬಾರದು, ನಮ್ಮ ಮಳೆಗೆ ಒಂದೇ ವರ್ಷದಲ್ಲಿ ಬೂದಿಯ ಹಾಗೆ ಬಿಳಿ ಪುಡಿ ಕಟ್ಟುತ್ತೆ. ಅದಕ್ಕೆ ಕೇಬಲ್ ತುದಿಗೆ ಲಗ್, ಅಂದರೆ ಲೋಹದ ಟೋಪಿ, ಒತ್ತಿ ಕೂರಿಸಿ ಕಟ್ಟಿದೆ. ಶೆಡ್ ಲೈನಿಗೆ ಮನೆಯಲ್ಲೇ ಬೇರೆ 20 ಆಂಪ್ಸ್ ಎಂಸಿಬಿ.

ಕೊಟ್ಟಿಗೆಯದ್ದು ಬೇರೆ ಕತೆ. ಅಲ್ಲಿಗೆ ಯಾರೋ ಹಿಂದೆ ಒಂದೇ ವೈರ್ ಎಳೆದು, ನ್ಯೂಟ್ರಲ್ ಬದಲು ನೆಲಕ್ಕೆ ಕಬ್ಬಿಣದ ರಾಡ್ ಹೊಡೆದು ಬಲ್ಬು ಉರಿಸಿದ್ದರು. ಹಳ್ಳಿಗಳಲ್ಲಿ ಇದು ಹೊಸದೇನಲ್ಲ. ಹಸುವಿಗೆ ನಾಲ್ಕು ಕಾಲು, ಗೊರಸಿನ ಕೆಳಗೆ ಸದಾ ಗಂಜಲ. ಮುಂಗಾಲಿಗೂ ಹಿಂಗಾಲಿಗೂ ನಡುವೆ ಇರುವ ಅಂತರಕ್ಕೇ ಕರೆಂಟ್ ಹೊಡೆಯುತ್ತೆ. ನಮಗೆ ಚುರ್ ಅನ್ನುವಷ್ಟರಲ್ಲಿ ಅದು ಬಿದ್ದಿರುತ್ತೆ. ರಾಡ್ ಕಿತ್ತು ಎಸೆದು ಸರಿಯಾಗಿ ಮೂರು ವೈರ್ ಎಳೆದೆ.

"ಕರೆಂಟ್ ಸೋರಿದರೂ ಅರ್ಥಿಂಗ್ ಗುಂಡಿ ಇದೆಯಲ್ಲ, ಎಂಸಿಬಿ ಬೀಳುತ್ತೆ" ಅಂದರು ಗೌಡ್ರು. ಬೀಳಲ್ಲ. ಗುಂಡಿಯ ರೆಸಿಸ್ಟೆನ್ಸ್ 10 ಓಮ್ ಇದ್ದರೆ ಹರಿಯುವುದು 23 ಆಂಪ್ಸ್. 32ರ ಎಂಸಿಬಿಗೆ ಅದು ಮಾಮೂಲಿ ಲೋಡು. ಮಾರ್ಚಿನಲ್ಲಿ ಮಣ್ಣು ಒಣಗಿದರೆ ಅಷ್ಟೂ ಇಲ್ಲ. ಅದಕ್ಕೇ ಕೊಟ್ಟಿಗೆಗೂ ಶೆಡ್ಡಿಗೂ 30 ಮಿಲಿ ಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸ್ವಲ್ಪ ಸೋರಿದರೂ ಬೀಳುವ ಸ್ವಿಚ್) ಹಾಕಿದೆ. ಮಳೆಗಾಲದಲ್ಲಿ ಅದು ಆಗಾಗ ಬೀಳುತ್ತೆ ಅಂತ ಬೈಪಾಸ್ ಮಾಡಿಸುವವರೂ ಇದ್ದಾರೆ. ಆ ಕೆಲಸ ನಾನು ಮಾಡಲ್ಲ ಅಂತ ಅವತ್ತೇ ಹೇಳಿಬಂದೆ.

ಸಂಜೆ ಏಳಕ್ಕೇ ಮತ್ತೆ ಅಳೆದೆವು. ಸ್ವಿಚ್ ಹಾಕಿದಾಗ ಒಂದು ಕ್ಷಣ 195, ಆಮೇಲೆ ಮನೆಯಲ್ಲಿ 213, ಶೆಡ್‌ನಲ್ಲಿ 208. ಮೆಷಿನ್ ಏಳುವ ಸದ್ದಿಗೆ ಮಾಡಿನ ಮೇಲಿದ್ದ ಬೆಕ್ಕು ಹಾರಿ ಓಡಿತು. ಕೂಲಿಯಲ್ಲಿ ಅರ್ಧ ನಾನೇ ಬಿಟ್ಟೆ, ಗೌಡ್ರು ಬೇಡ ಅನ್ನಲಿಲ್ಲ.

ಆ ಹಳೇ ವೈರ್ ಈಗ ನನ್ನ ಹತ್ತಿರ ಇದೆ. ಜಾಯಿಂಟ್ ಕತ್ತರಿಸಿ ಸರಿ ಮಾಡಿ, ಎರಡೂ ಎಳೆ ಜೋಡಿಯಾಗಿ ಸುತ್ತಿಟ್ಟಿದ್ದೇನೆ. ಯಾರಾದರೂ "ಎರಡೂವರೆ ಸಾಕು, ಸುಮ್ನೆ ಖರ್ಚು ಮಾಡಿಸ್ಬೇಡ" ಅಂದರೆ ಅದನ್ನೇ ಪ್ಲಗ್‌ಗೂ ಅವರ ಮೋಟರ್‌ಗೂ ಮಧ್ಯೆ ಸೇರಿಸಿ ಸ್ವಿಚ್ ಹಾಕು ಅನ್ನುತ್ತೇನೆ. ಗುಂಯ್ ಅನ್ನುತ್ತೆ. ಮೊನ್ನೆ ಕೊಪ್ಪದ ಹತ್ತಿರ ಒಬ್ಬರು ಅದನ್ನೂ ಒಪ್ಪಲಿಲ್ಲ. "ಸುತ್ತಿಟ್ಟಿದ್ದೀಯ, ಅದಕ್ಕೇ ಹಾಗೆ. ಬಿಚ್ಚಿ ಎಳೆದು ನೋಡು" ಅಂದರು. ಬಿಚ್ಚಿದೆವು. ಅಂಗಳದಿಂದ ಗೇಟಿನವರೆಗೆ, ಗೇಟಿನಿಂದ ಬಾವಿಯವರೆಗೆ, ವಾಪಸ್ ಅಂಗಳಕ್ಕೆ. ಮತ್ತೆ ಗುಂಯ್. ಅವರು ಸ್ವಲ್ಪ ಹೊತ್ತು ವೈರ್ ನೋಡುತ್ತಾ ನಿಂತು, "16 ಸ್ಕ್ವೇರ್‌ಗೆ ಮೀಟರ್‌ಗೆ ಎಷ್ಟು ಬೀಳುತ್ತೆ?" ಅಂತ ಕೇಳಿದರು.