ಮಂಜು ಯಾವುದು, ಹೊಗೆ ಯಾವುದು: ಕುಶಾಲನಗರದ ಗಾಳಿ ಅಳೆಯುವ ಕೆಲಸ, ಆರನೇ ತಿಂಗಳು

ಅಕ್ಟೋಬರ್‌ನಲ್ಲಿ ಸೂರಿನ ಕೆಳಗೆ ತೂಗುಹಾಕಿದ ಡಬ್ಬಿಗೆ ಈಗ ಆರು ತಿಂಗಳು. ಒಳಗಿರುವುದು ಪಿಎಂಎಸ್5003 ಸೆನ್ಸರ್, ಸಂಖ್ಯೆ ಓದಿಕೊಳ್ಳುವ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ತೇವಾಂಶ ನೋಡಲು ಬಿಎಂಇ280. ಸಣ್ಣ ಫ್ಯಾನ್ ಗಾಳಿ ಎಳೆದುಕೊಳ್ಳುತ್ತದೆ, ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುತ್ತದೆ, ಅದನ್ನು ನೋಡಿ ಪಿಎಂ2.5, ಅಂದರೆ 2.5 ಮೈಕ್ರೋಮೀಟರ್‌ವರೆಗಿನ ಸಣ್ಣ ಕಣ, ಎಷ್ಟಿದೆ ಅಂತ ಅಂದಾಜು ಹೇಳುತ್ತದೆ. ಕಣಗಳನ್ನು ತೂಗುವುದಿಲ್ಲ. ತೊಂದರೆ ಶುರುವಾಗಿದ್ದೇ ಅಲ್ಲಿ.

ಡಿಸೆಂಬರ್ ಪೂರ್ತಿ ಬೆಳಗಿನ ಜಾವದ ಸಂಖ್ಯೆ ನೋಡಿ ಗಾಬರಿಯಾಗುತ್ತಿತ್ತು. ಅಮ್ಮನಿಗೆ ಉಬ್ಬಸ ಇದೆ, ಈ ಕೆಲಸಕ್ಕೆ ಕೈಹಾಕಿದ್ದೇ ಅದಕ್ಕೆ. ಆದರೆ ಅದೇ ಹೊತ್ತಿಗೆ ಎದುರು ಮನೆಯ ತೆಂಗಿನಮರವೂ ಕಾಣದಷ್ಟು ಮಂಜು. ತೇವಾಂಶ ಶೇ. 80-85 ದಾಟಿದರೆ ಗಾಳಿಯಲ್ಲಿನ ಸಣ್ಣ ಕಣಗಳು ನೀರು ಹೀರಿ ಉಬ್ಬುತ್ತವೆ, ಸೆನ್ಸರ್‌ಗೆ ಅವು ದೊಡ್ಡದಾಗಿ ಕಾಣುತ್ತವೆ, ಸಂಖ್ಯೆ ಏರುತ್ತದೆ. ಹೊಗೆ ಎಷ್ಟು, ಮಂಜು ಎಷ್ಟು ಅಂತ ಹೇಗೆ ಬಿಡಿಸುವುದು?

ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ ಇಪಿಎಯವರು ಪರ್ಪಲ್‌ಏರ್ ಅನ್ನುವ ಗಾಳಿ ಅಳೆಯುವ ಯಂತ್ರಗಳಿಗೆ ಒಂದು ಸೂತ್ರ ಕೊಟ್ಟಿದ್ದಾರೆ, ಅದರೊಳಗೂ ಇದೇ ಜಾತಿಯ ಸೆನ್ಸರ್ ಇರುವುದು: ಸಂಖ್ಯೆಯನ್ನು 0.524ರಿಂದ ಗುಣಿಸಿ, ತೇವಾಂಶದ 0.0862 ಪಟ್ಟು ಕಳೆದು, 5.75 ಕೂಡಿಸಬೇಕು. ಹಾಕಿ ನೋಡಿದೆ, ಬೆಳಗಿನ ಏರು ತಗ್ಗಿತು. ಆದರೆ ಅದು ಅಲ್ಲಿನ ಗಾಳಿ ನೋಡಿ ಮಾಡಿದ ಲೆಕ್ಕ, ನಮ್ಮ ಕಾವೇರಿ ದಡದ ಮಂಜಿಗೆ ಹಾಗೇ ಒಪ್ಪುತ್ತದೆ ಅಂತ ನಂಬಲು ನನಗೆ ಮನಸ್ಸಿಲ್ಲ.

ದಾರಿ ಸಿಕ್ಕಿದ್ದು ಸಂಜೆಯಲ್ಲಿ. ಫೆಬ್ರವರಿಯಲ್ಲಿ ಸಂಜೆ 6ರಿಂದ 8ರವರೆಗೆ ಇಲ್ಲಿ ಮಂಜಿರುವುದಿಲ್ಲ, ತೇವಾಂಶವೂ ಕಡಿಮೆ, ಆದರೂ ಸಂಖ್ಯೆ ಮಧ್ಯಾಹ್ನದ ಎರಡು-ಮೂರು ಪಟ್ಟಾಗುತ್ತಿತ್ತು. ಅದು ಹೊಗೆಯೇ! ಆ ಹೊತ್ತಿಗೆ ಸ್ನಾನದ ಹಂಡೆಗೆ ಸೌದೆ ಹಚ್ಚುತ್ತಾರೆ, ಗುಡಿಸಿ ರಾಶಿ ಹಾಕಿದ ತರಗೆಲೆಗೆ ಬೆಂಕಿ ಇಡುತ್ತಾರೆ. ಬಿಸಿಲು ಇಳಿದ ಮೇಲೆ ನೆಲ ತಣ್ಣಗಾಗಿ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಮೇಲಿನ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಕುಶಾಲನಗರ ಮಡಿಕೇರಿಗಿಂತ ಸುಮಾರು 300 ಮೀಟರ್ ಕೆಳಗೆ, ಹೊಳೆ ಬಯಲಿನಲ್ಲಿದೆ, ಹೊಗೆ ಇಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಒಂಬತ್ತು-ಹತ್ತಕ್ಕೆ ಬಿಸಿಲು ಏರಿದ ಮೇಲೆ ಮಂಜು, ಹೊಗೆ ಎರಡೂ ಒಟ್ಟಿಗೆ ಮೇಲೇಳುತ್ತವೆ.

ಪಿಎಂ2.5ಗೆ ನಮ್ಮ ದೇಶದ ಮಿತಿ ದಿನದ ಸರಾಸರಿಗೆ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಫೆಬ್ರವರಿಯಲ್ಲಿ ನಮ್ಮ ಮನೆಯ ಸರಾಸರಿ ಬಹುತೇಕ ದಿನ 60ರ ಒಳಗೇ ಇತ್ತು. 15ರ ಒಳಗಿದ್ದ ದಿನಗಳು ಬೆರಳೆಣಿಕೆಯಷ್ಟು. ಸರಾಸರಿ ನೋಡಿ ಸಮಾಧಾನ ಪಡಬಾರದು ಅನ್ನಿಸುತ್ತದೆ, ಅಮ್ಮನಿಗೆ ಉಸಿರು ಕಟ್ಟುವುದು ಆ ಎರಡು ಗಂಟೆಯಲ್ಲೇ ಅಲ್ವಾ. ಈಗ ಆರಕ್ಕೆ ಕಿಟಕಿ ಹಾಕಿ, ಎಂಟರ ನಂತರ ಸಂಖ್ಯೆ ನೋಡಿ ತೆಗೆಯುತ್ತೇವೆ.

ಕಾಫಿ ಸಿಪ್ಪೆಯ ಧೂಳನ್ನು ಇದರಲ್ಲಿ ಅಳೆಯಬಹುದಾ ಅಂತ ತುಂಬಾ ಜನ ಕೇಳಿದ್ದೀರಿ. ಈ ಸೆನ್ಸರ್ ದಪ್ಪ ಧೂಳನ್ನು ಸರಿಯಾಗಿ ಹಿಡಿಯುವುದಿಲ್ಲ, ಪಿಎಂ10 (10 ಮೈಕ್ರೋಮೀಟರ್‌ವರೆಗಿನ ಕಣ) ಅಂತ ತೋರಿಸುವ ಸಂಖ್ಯೆಯನ್ನು ನಾನು ಬರೆದಿಡುವುದೇ ಇಲ್ಲ. ಕಾಫಿ ಒಣಗಿಸುವ ಅಂಗಳದ ಪಕ್ಕ ಇಟ್ಟರೂ ಇದರಿಂದ ಉತ್ತರ ಸಿಗಲ್ಲ.

ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂತು. ಮಾರನೇ ದಿನ ಸಂಜೆಯ ಏರು ಅರ್ಧಕ್ಕಿಂತ ಕಡಿಮೆ. ಮಳೆ ಗಾಳಿ ತೊಳೆಯಿತು ಅಂತ ಮೊದಲು ಬರೆದುಕೊಂಡಿದ್ದೆ, ಆಮೇಲೆ ಹೊಡೆದುಹಾಕಿದೆ. ಇಷ್ಟು ಸಣ್ಣ ಕಣಗಳನ್ನು ಒಂದು ಮಳೆ ಅಷ್ಟೇನೂ ಇಳಿಸುವುದಿಲ್ಲ. ತರಗೆಲೆ ಒದ್ದೆಯಾಗಿತ್ತು, ಬೀದಿಯಲ್ಲಿ ಯಾರೂ ಬೆಂಕಿ ಹಾಕಿರಲಿಲ್ಲ. ನಾಲ್ಕನೇ ದಿನ ಎಲೆ ಒಣಗಿತು, ಸಂಖ್ಯೆ ಮತ್ತೆ ಹಳೇ ಜಾಗಕ್ಕೆ ಬಂತು.

ಮಡಿಕೇರಿಯ ಸ್ಟುವರ್ಟ್ ಹಿಲ್‌ನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ಅದರ ಹತ್ತಿರವೇ ಮಾವನ ಮನೆ. ಬರುವ ಭಾನುವಾರ ಫ್ಯಾನ್‌ಗೆ ಕಟ್ಟಿದ ಜೇಡರ ಬಲೆ ತೆಗೆದು, ಡಬ್ಬಿಯನ್ನು ಎರಡು ವಾರ ಅವರ ಜಗಲಿಯಲ್ಲಿ ಇಟ್ಟು ಬರುತ್ತೇನೆ. ಎರಡರ ಸಂಖ್ಯೆ ಎಷ್ಟು ಹೊಂದುತ್ತದೆ ಅಂತ ಮುಂದಿನ ಸಲ ಬರೆಯುತ್ತೇನೆ.