ಅಳತೆ ಕೇಳದೆ ಒಪ್ಪಿದ ಕುರ್ಚಿ

ಬದಿಯಡ್ಕದ ಸುತ್ತಮುತ್ತ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಎರಡು ಮಳೆಗಾಲಗಳ ಹಿಂದೆ ಪೆರ್ಲದ ಕಡೆಯ ಒಂದು ಮನೆಯಲ್ಲಿ ನಾನು ಮಾಡಿದ ತಪ್ಪು ಇನ್ನೂ ಮನಸ್ಸನ್ನು ಕೊರೆಯುತ್ತದೆ.

ಆ ಮನೆಯ ಅಜ್ಜಿಗೆ ಎರಡೂ ಮೊಣಕಾಲುಗಳಲ್ಲಿ ಸಂಧಿವಾತ. ಪಾರ್ಶ್ವವಾಯುವಿನಿಂದ ಎಡಗೈ ಬಲಹೀನ. ಗುಂಡಿ ಒತ್ತಿದರೆ ಬೆನ್ನು ಒರಗುವ, ಎತ್ತಿ ನಿಲ್ಲಿಸುವ ಮೋಟಾರಿನ ಕುರ್ಚಿ ತರಿಸಲೇ ಎಂದು ಮಂಗಳೂರಿನಿಂದ ಮಗ ಫೋನಿನಲ್ಲಿ ಕೇಳಿದರು. ಒಳ್ಳೆಯದೇ ಎಂದುಬಿಟ್ಟೆ.

ಹದಿನೈದು ದಿನಗಳ ನಂತರ ಹೋದಾಗ ಅಜ್ಜಿ ಆಸನದ ತುದಿಗೆ ಜಾರಿ, ಬೆನ್ನು ಬಿಲ್ಲಾಗಿಸಿಕೊಂಡು ಕುಳಿತಿದ್ದರು. ಪಾದ ನೆಲ ಮುಟ್ಟುತ್ತಿರಲಿಲ್ಲ. "ಇದು ನನ್ನನ್ನು ನುಂಗುತ್ತದೆ ಮಗಳೇ" ಎಂದರು. ಬೆನ್ನೆಲುಬಿನ ಬುಡದಲ್ಲಿ ಚರ್ಮ ಕೆಂಪಾಗಿತ್ತು. ಬೆರಳಿನಿಂದ ಒತ್ತಿದರೂ ಬಿಳಿಚಲಿಲ್ಲ. ಅದು ಒತ್ತಡದ ಹುಣ್ಣಿನ ಮೊದಲ ಹಂತ. ಮಳೆಗೆ ಕರೆಂಟು ಹೋದ ಒಂದು ಸಂಜೆ ಕುರ್ಚಿ ಒರಗಿದಲ್ಲೇ ನಿಂತು, ಅಕ್ಕಪಕ್ಕದವರು ಬಂದು ಅವರನ್ನು ಎತ್ತಬೇಕಾಯಿತಂತೆ.

ಆಗ ಟೇಪು ಹಿಡಿದೆ. ಮೊಣಕಾಲಿನ ಹಿಂದಿನ ಮಡಿಕೆಯಿಂದ ನೆಲಕ್ಕೆ 38 ಸೆಂ.ಮೀ., ಆಸನದ ಎತ್ತರ 49. ಆಸನ ತೊಡೆಗಿಂತ ಉದ್ದ. ಹಿಂದಕ್ಕೆ ಒರಗಿದರೆ ಮೊಣಕಾಲು ಮಡಚಲಾಗದು, ಮಡಚಬೇಕೆಂದರೆ ಮುಂದಕ್ಕೆ ಜಾರಲೇಬೇಕು. ಜಾರುವಾಗ ಚರ್ಮ ಬಟ್ಟೆಗೆ ಅಂಟಿಕೊಳ್ಳುತ್ತದೆ, ಒಳಗಿನ ಮೂಳೆ ಕೆಳಗೆ ಸರಿಯುತ್ತದೆ. ಆ ಎಳೆತವೇ ಹುಣ್ಣಿಗೆ ದಾರಿ. ಕುಳಿತಾಗ ಆಸನದ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಮೂರು ಬೆರಳು ತೂರಬೇಕು ಎಂಬುದು ನಾನು ಓದುವಾಗಲೇ ಕಲಿತದ್ದು. ಅಂದು ಫೋನಿನಲ್ಲಿ ಕುರ್ಚಿಯ ಅಳತೆ ಕೇಳಲು ಒಂದು ನಿಮಿಷವೂ ಬೇಕಿರಲಿಲ್ಲ.

ಮಗನಿಗೆ ಫೋನು ಮಾಡಿ ತಪ್ಪು ನನ್ನದೆಂದು ಹೇಳಿದೆ. ಕಾಲುಗಳ ತೂತಿಗೆ ಪಿನ್ನು ಹಾಕಿ ಎತ್ತರ ಹೊಂದಿಸುವ, ಚಕ್ರವಿಲ್ಲದ ಕುರ್ಚಿ ತಂದೆವು. ಗಟ್ಟಿ ಸ್ಪಂಜಿನ ದಿಂಬು ಸೇರಿಸಿ 41 ಸೆಂ.ಮೀ.ಗೆ ನಿಲ್ಲಿಸಿದೆ: ಪಾದ ಪೂರ್ತಿ ಊರಬೇಕು, ಏಳುವಾಗ ಮೊಣಕಾಲಿಗೆ ಭಾರ ಕಡಿಮೆಯಾಗಬೇಕು. ಅವರು ಬಲಗೈಯೊಂದನ್ನೇ ಊರಿ ಏಳುವುದರಿಂದ ಕುರ್ಚಿ ಪಕ್ಕಕ್ಕೆ ವಾಲುತ್ತದೆಯೇ ಎಂದು ನಾನೇ ಕುಳಿತು, ಎದ್ದು ನೋಡಿದೆ. ಕಾವಿ ನೆಲ ಜಾರುತ್ತದೆ, ಹಾಗಾಗಿ ಕಾಲಿನ ರಬ್ಬರು ಬುಷ್ಷು ಸವೆದಿದೆಯೇ ಎಂದು ಪ್ರತಿ ಸಲವೂ ನೋಡುತ್ತೇನೆ.

ಕೆಂಪು ಮಾಸಲು ಕೆಲವು ದಿನ ಹಿಡಿಯಿತು. ಕಳೆದ ವಾರ ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯನ್ನು ದಾಟಿ ಜಗಲಿಗೆ ಹೋದಾಗ, ಅಜ್ಜಿ ಪಾದಗಳನ್ನು ಹಿಂದಕ್ಕೆ ಎಳೆದುಕೊಂಡು, ಮುಂದಕ್ಕೆ ಬಾಗಿ, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು.