ಪಾರಿವಾಳಕ್ಕೆ ಯಾವ ತೋಟೆ? ಅಳಿಯ ಕೇಳಿದ ಪ್ರಶ್ನೆಗೆ ಉದ್ದದ ಉತ್ತರ

ನನ್ನ ಸೋದರಳಿಯ ಇಂಗ್ಲೆಂಡಿನ ಲಿಂಕನ್‌ಶೈರ್ ಕಡೆ ಕೆಲಸದಲ್ಲಿದ್ದಾನೆ. ಅಲ್ಲಿನ ಪೊಲೀಸರಿಂದ ಕೋವಿಯ ಪರವಾನಗಿ ಮಾಡಿಸಿಕೊಂಡಿದ್ದಾನೆ, ಪಕ್ಕದ ರೈತರೊಬ್ಬರು ತಮ್ಮ ಹೊಲಕ್ಕೆ ಬೀಳುವ ಪಾರಿವಾಳ ಹೊಡೆಯಲು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ. "ಮಾವ, ಅಂಗಡಿಯಲ್ಲಿ ಗೋಡೆ ತುಂಬ ತೋಟೆ ಪೆಟ್ಟಿಗೆಗಳು. ಒಂದೊಂದರ ಮೇಲೆ ಒಂದೊಂದು ಲೆಕ್ಕ. ಯಾವುದು ತಗೊಳ್ಳಲಿ?" ಅಂತ ಕೇಳಿದ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ನಮ್ಮ ಕೊಡಗಿನಲ್ಲೂ ಮನೆಮನೆಯಲ್ಲಿ ಕೋವಿ ಇದೆ, ತೋಟೆ ಬಗ್ಗೆ ಮಾತ್ರ ಯಾರೂ ಕೂತು ಬರೆಯುವುದಿಲ್ಲ. ಅದಕ್ಕೇ ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ಇಲ್ಲಿ ಹೇಳುವುದು ಅಲ್ಲಿನ ಹಕ್ಕಿಯ ಬಗ್ಗೆ. ನಮ್ಮ ಬ್ರಹ್ಮಗಿರಿ, ತಡಿಯಂಡಮೋಳ್ ಕಡೆಯ ಕಾಡಿನಲ್ಲಿ ಇರುವುದು ನೀಲಗಿರಿ ಕಾಡುಪಾರಿವಾಳ. ಬೂದು ಬಣ್ಣ, ಕತ್ತಿನ ಹಿಂದೆ ಚೌಕುಳಿ ಹಾಕಿದಂಥ ಕಪ್ಪು ಬಿಳಿ ಗುರುತು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಇರುವುದೂ ಕಡಿಮೆಯಾಗುತ್ತಿದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದನ್ನು ಹೊಡೆಯುವುದು ಅಪರಾಧ. ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದೂ ಆಗಿದೆ. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. ಇದನ್ನು ಗೊತ್ತಿದ್ದೂ ಗೊತ್ತಿಲ್ಲದವರಂತೆ ಮಾತಾಡುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಬ್ರಿಟನ್ನಿನ ಕಾಡುಪಾರಿವಾಳದ ಕಥೆ ಬೇರೆ. ಅರ್ಧ ಕೆಜಿ ತೂಗುವ ದಪ್ಪ ಹಕ್ಕಿ. ಕತ್ತಿನ ಪಕ್ಕ ಬಿಳಿ ಮಚ್ಚೆ, ರೆಕ್ಕೆಗೆ ಬಿಳಿ ಪಟ್ಟೆ. ಲಕ್ಷಗಟ್ಟಲೆ ಇವೆ. ಸಾಸಿವೆ ಜಾತಿಯ ಎಣ್ಣೆಬೀಜ ರೇಪ್, ಬಟಾಣಿ, ಕೋಸು, ಯಾವುದನ್ನೂ ಬಿಡುವುದಿಲ್ಲ. ಬೆಳೆ ಉಳಿಸಿಕೊಳ್ಳಲು ಹೊಡೆಯಬಹುದು ಅಂತ ಅಲ್ಲಿನ ಸರ್ಕಾರ ಸಾಮಾನ್ಯ ಪರವಾನಗಿ ಕೊಡುತ್ತದೆ. ಅದಕ್ಕೂ ಷರತ್ತುಗಳಿವೆ. ಬೆದರಿಸುವಂಥ ಬೇರೆ ದಾರಿಗಳನ್ನೂ ಬಿಡುವ ಹಾಗಿಲ್ಲ. ಸುಮ್ನೆ ಮೋಜಿಗೆ ಹೊಡೆಯಲು ಕೊಟ್ಟ ಅನುಮತಿ ಅಲ್ಲ ಅದು. ಹೊಡೆಯುವ ಮುಂಚೆ ಅದನ್ನು ಪೂರ್ತಿ ಓದಲೇಬೇಕು.

ಈಗ ತೋಟೆ. ಬಣ್ಣ, ಬ್ರ್ಯಾಂಡ್ ಎಲ್ಲ ಆಮೇಲೆ. ಮೊದಲು ಕೋವಿಯ ಕೋಣೆಯ ಉದ್ದ ನೋಡಬೇಕು, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಜಾಗ. ಬೋರ್ ಅಂದರೆ ನಳಿಗೆಯ ಒಳ ಅಗಲದ ಅಳತೆ, ನಂಬರ್ ಜಾಸ್ತಿ ಆದಷ್ಟೂ ನಳಿಗೆ ಕಿರಿದು. ಹನ್ನೆರಡು ಬೋರಿನಲ್ಲಿ ಕೋಣೆಗೆ 65, 70, 76 ಮಿಲಿಮೀಟರ್ ಅಂತ ಮೂರು ಅಳತೆ ಸಾಮಾನ್ಯ. ನಳಿಗೆಯ ಮೇಲೇ ಕೊರೆದಿರುತ್ತಾರೆ. ತೋಟೆಯ ಮೇಲೆ ಬರೆದಿರುವ ಉದ್ದ ಹೊಡೆದಾದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಹಾಗಾಗಿ 70ರ ತೋಟೆ 65ರ ಕೋಣೆಯೊಳಗೆ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ, ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ಕೊಡಗಿನ ಹಳೇ ಮನೆಗಳಲ್ಲಿ ತಾತನ ಕಾಲದ ಜೋಡಿ ನಳಿಗೆಯ ವಿಲಾಯತಿ ಕೋವಿಗಳು ಇನ್ನೂ ಇವೆ, ಅವುಗಳಲ್ಲಿ ಎಷ್ಟೋ ಎರಡೂವರೆ ಇಂಚಿನವು, ಅಂದರೆ 65. ಕೆಲವಕ್ಕೆ ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ, ಹಾವಿನ ಮೈಯಂಥ ಗೆರೆಗಳ ಡಮಾಸ್ಕಸ್ ನಳಿಗೆ. ಅಂಥ ಕೋವಿಗೆ ಸಿಕ್ಕಿದ ತೋಟೆ ತುರುಕುವುದಕ್ಕಿಂತ, ಗೊತ್ತಿರುವ ಗನ್‌ಸ್ಮಿತ್‌ಗೆ ತೋರಿಸುವವರೆಗೂ ಗೋಡೆಯ ಮೇಲೆ ಬಿಡುವುದು ವಾಸಿ.

ಇನ್ನೊಂದು ಅಪಾಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಪ್ಪತ್ತು ಬೋರಿನ ತೋಟೆ ಜೇಬಿನಲ್ಲಿ ಬೆರೆತು ಹನ್ನೆರಡು ಬೋರಿನ ಕೋವಿಗೆ ಹೋದರೆ, ಅದು ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಕೋಣೆ ಖಾಲಿ ಕಾಣುತ್ತದೆ. ಅದರ ಹಿಂದೆ ಹನ್ನೆರಡರದ್ದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ, ಕೈ ಹೋಗುತ್ತದೆ. ಇಪ್ಪತ್ತರ ತೋಟೆಗೆ ಹಳದಿ ಬಣ್ಣ ಕೊಡುವುದು ಇದಕ್ಕೇ. ಎರಡೂ ಬೋರಿನ ಕೋವಿ ಇರುವ ಮನೆಯಲ್ಲಿ ತೋಟೆಗಳನ್ನು ಬೇರೆ ಬೇರೆ ಕಡೆ ಇಡಬೇಕು.

ಸರಿ, ಚರೆ, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳು. ಬ್ರಿಟನ್ನಿನ ಲೆಕ್ಕದಲ್ಲಿ ನಂಬರ್ ಆರರ ಸೀಸದ ಚರೆ 2.6 ಮಿ.ಮೀ. ದಪ್ಪ, ಒಂದು ಔನ್ಸಿಗೆ 270. ನಂಬರ್ ಐದು 2.8 ಮಿ.ಮೀ., ಔನ್ಸಿಗೆ 220. ನಂಬರ್ ಏಳು 2.4 ಮಿ.ಮೀ., ಔನ್ಸಿಗೆ 340. ನಂಬರ್ ಜಾಸ್ತಿ ಆದಷ್ಟೂ ಚರೆ ಸಣ್ಣ. ಅಮೆರಿಕದವರ ಲೆಕ್ಕ ಬೇರೆ, ಅವರ ಆರು ಹೆಚ್ಚುಕಡಿಮೆ ಬ್ರಿಟನ್ನಿನ ಐದು. ಅದಕ್ಕೇ ಪೆಟ್ಟಿಗೆಯ ಮೇಲೆ ನಂಬರಿಗಿಂತ ಮಿಲಿಮೀಟರ್ ನೋಡುವುದು ಒಳ್ಳೆಯದು.

ಪಾರಿವಾಳದಷ್ಟು ಹಕ್ಕಿ ಗಾಳಿಯಲ್ಲೇ ಸತ್ತು ಬೀಳಬೇಕು ಅಂದರೆ, ಅದಿರುವ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಸುಮಾರು 120–130 ಚರೆ ಬೀಳಬೇಕು ಅನ್ನುವುದು ಬಹಳ ಕಾಲದಿಂದ ನಡೆದುಬಂದ ಅಂದಾಜು. ಅಷ್ಟಿದ್ದರೆ ಹಕ್ಕಿಯ ಮೈಗೆ ಮೂರು ನಾಲ್ಕಾದರೂ ತಾಗುತ್ತವೆ. ಅದಕ್ಕಿಂತ ಕಡಿಮೆಯಾದರೆ ಗದ್ದೆಗೆ ವಿರಳವಾಗಿ ಬೀಜ ಎರಚಿದ ಹಾಗೆ, ನಡುನಡುವೆ ಖಾಲಿ. ಆ ಖಾಲಿಯಲ್ಲಿ ಸಿಕ್ಕ ಹಕ್ಕಿ ಒಂದೋ ಎರಡೋ ಚರೆ ಮೈಯಲ್ಲಿಟ್ಟುಕೊಂಡು ಹಾರಿಹೋಗುತ್ತದೆ. ಎಲ್ಲೋ ಬೇಲಿಯಲ್ಲಿ ಕೂತು ದಿನಗಟ್ಟಲೆ ನರಳಿ ಸಾಯುತ್ತದೆ. ನನ್ನ ಪ್ರಕಾರ ತೋಟೆ ಆರಿಸುವುದೆಂದರೆ ಹೀಗೆ ಆಗದ ಹಾಗೆ ನೋಡಿಕೊಳ್ಳುವುದು. ಉಳಿದ ಎಲ್ಲಾ ಲೆಕ್ಕವೂ ಇದರಿಂದಲೇ ಹುಟ್ಟುತ್ತದೆ.

ಇಲ್ಲಿ ಚೋಕ್ ಬರುತ್ತದೆ, ನಳಿಗೆಯ ಬಾಯಿ ಎಷ್ಟು ಬಿಗಿ ಅನ್ನುವುದು. 40 ಗಜ ದೂರದಲ್ಲಿ ಆ 30 ಇಂಚಿನ ವೃತ್ತದೊಳಗೆ ಚೋಕ್ ಇಲ್ಲದ ನಳಿಗೆ ನೂರಕ್ಕೆ 40ರಷ್ಟು ಚರೆ ಹಾಕುತ್ತದೆ, ಕಾಲು ಚೋಕ್ 55, ಅರ್ಧ ಚೋಕ್ 60, ಫುಲ್ ಚೋಕ್ 70. ಈಗ ಲೆಕ್ಕ ಹಾಕಿ. 28 ಗ್ರಾಂ ಅಂದರೆ ಹತ್ತಿರ ಹತ್ತಿರ ಒಂದು ಔನ್ಸ್. ನಂಬರ್ ಆರರ 28 ಗ್ರಾಂ ತೋಟೆಯಲ್ಲಿ 270ರಷ್ಟು ಚರೆ. ಕಾಲು ಚೋಕಿನಲ್ಲಿ 40 ಗಜಕ್ಕೆ 148 ಬೀಳುತ್ತವೆ. ಸಾಕೇ ಸಾಕು. ಅದೇ 28 ಗ್ರಾಂ ಐದರಲ್ಲಿ, ಅದೇ ಚೋಕಿನಲ್ಲಿ 121. ಅಂಚಿಗೆ ಬಂತು. ಚೋಕ್ ಇಲ್ಲದ ನಳಿಗೆಯಲ್ಲಿ ಆರರ ತೋಟೆ ಹೊಡೆದರೂ 108 ಮಾತ್ರ, ಅಷ್ಟು ದೂರಕ್ಕೆ ಹೊಡೆಯಲೇಬಾರದು. ದಪ್ಪ ಚರೆ ಅಂದರೆ ಜಾಸ್ತಿ ಪೆಟ್ಟು ಅಂತ ನಮ್ಮಲ್ಲಿ ತುಂಬ ಜನ ನಂಬಿದ್ದಾರೆ. ಒಂದೊಂದು ಚರೆಯ ಪೆಟ್ಟು ಜಾಸ್ತಿ ನಿಜ, ಆದರೆ ಎಣಿಕೆ ಕಡಿಮೆಯಾಯಿತಲ್ಲ? ಪಾರಿವಾಳಕ್ಕೆ ಎಣಿಕೆ ಮುಖ್ಯ.

ಇದಕ್ಕೇ ಅಳಿಯನಿಗೆ ನಾನು ಹೇಳಿದ್ದು, ಸೀಸವಾದರೆ 28 ಅಥವಾ 30 ಗ್ರಾಂ, ನಂಬರ್ ಆರು, ಕಾಲು ಚೋಕ್. ಹೊಲದಲ್ಲಿ ಬೊಂಬೆ ಪಾರಿವಾಳ ಇಟ್ಟು, ಬೇಲಿ ಮರೆಯಲ್ಲಿ ಕೂತು ಹೊಡೆಯುವಾಗ ಹೆಚ್ಚಿನ ಹಕ್ಕಿಗಳು 20–30 ಗಜಕ್ಕೇ ಬರುತ್ತವೆ. ಅಲ್ಲಿಗೆ 28 ಗ್ರಾಂ ಧಾರಾಳ. ಫೆಬ್ರವರಿಯ ಸಂಜೆ ಮರದ ತೋಪಿಗೆ ಎತ್ತರದಲ್ಲಿ ಬರುವ ಹಕ್ಕಿಗಾದರೆ 32 ಗ್ರಾಂ, ಅರ್ಧ ಚೋಕ್ ಇಟ್ಟುಕೊಳ್ಳಬಹುದು. ಅದಕ್ಕಿಂತ ಮೇಲೆ ಹೋಗಬೇಡ ಅಂದೆ. 36 ಗ್ರಾಂ ತುಂಬಿದ್ದು ಭುಜ ಒಡೆಯುತ್ತದೆ, ಅಷ್ಟೇ. ಚರೆಯ ತೂಕದ 96 ಪಟ್ಟು ಕೋವಿಯ ತೂಕ ಇರಬೇಕು ಅಂತ ಹಳೇ ಇಂಗ್ಲಿಷ್ ಕೋವಿ ಮಾಡುವವರ ಲೆಕ್ಕ. 28 ಗ್ರಾಮಿಗೆ 2.7 ಕೆಜಿ ಕೋವಿ ಸಾಕು, 36ಕ್ಕೆ ಮೂರೂವರೆ ಕೆಜಿ ಹತ್ತಿರ ಬೇಕು. ಹಗುರ ಕೋವಿಯಲ್ಲಿ ಭಾರದ ತೋಟೆ ಹೊಡೆಯುತ್ತಾ ಕೂತರೆ ಸ್ವಲ್ಪ ಹೊತ್ತಿಗೇ ಈಡು ಹಾರುವ ಮುಂಚೆಯೇ ಮೈ ಬೆಚ್ಚಿಬೀಳಲು ಶುರುವಾಗುತ್ತದೆ, ಕೆನ್ನೆ ಹಿಡಿಯಿಂದ ಏಳುತ್ತದೆ, ಗುರಿ ಮೇಲಕ್ಕೆ ಹೋಗುತ್ತದೆ. ಒಲಿಂಪಿಕ್ಸಿನ ಟ್ರ್ಯಾಪ್ ಶೂಟರ್‌ಗಳು 24 ಗ್ರಾಂ ತೋಟೆಯಲ್ಲೇ ಮಣ್ಣಿನ ತಟ್ಟೆ ಪುಡಿ ಮಾಡುವುದನ್ನು ಟಿವಿಯಲ್ಲಿ ನೋಡುತ್ತೀರಿ ಅಲ್ವಾ?

ಶಬ್ದ ಜೋರಾದರೆ ತೋಟೆ ಒಳ್ಳೆಯದು ಅನ್ನುವ ಮಾತು ನಮ್ಮಲ್ಲಿ ಬೇರೂರಿಬಿಟ್ಟಿದೆ. ಪುತ್ತರಿಯಲ್ಲಿ ಕದಿರು ತೆಗೆಯುವಾಗ ಹಾರಿಸುವ ಈಡಿಗೆ ಶಬ್ದವೇ ಬೇಕು, ಒಪ್ಪುತ್ತೇನೆ. ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡಿದ ಕೋವಿಯನ್ನು ಹೊರಗೆ ತಂದು ತೆಂಗಿನಕಾಯಿಗೆ ಗುರಿ ಇಡುವಾಗ ಶಬ್ದ ಏನೂ ಮಾಡುವುದಿಲ್ಲ. ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆಯುವ ವೇಗವೂ ಹಾಗೆಯೇ. ಸೆಕೆಂಡಿಗೆ 1,400 ಅಡಿಯೋ 1,450 ಅಡಿಯೋ, ಹಕ್ಕಿ ಇರುವಲ್ಲಿಗೆ ಹೋಗುವಷ್ಟರಲ್ಲಿ ಆ ವ್ಯತ್ಯಾಸ ಬಹುಪಾಲು ಕರಗಿರುತ್ತದೆ.

ಇಷ್ಟೆಲ್ಲಾ ಲೆಕ್ಕ ಹೇಳಿದೆನಲ್ಲ, ಇದೆಲ್ಲ ಪುಸ್ತಕದ ಲೆಕ್ಕ. ಒಂದೇ ಚೋಕ್ ಇರುವ ಎರಡು ಕೋವಿಗೆ ಒಂದೇ ತೋಟೆ ಹಾಕಿದರೂ ಚರೆ ಒಂದೇ ಥರ ಹರಡುವುದಿಲ್ಲ. ನಿಮ್ಮ ಕೋವಿ ಯಾವ ತೋಟೆಯನ್ನು ಒಪ್ಪುತ್ತದೆ ಅಂತ ತಿಳಿಯಲು ಒಂದೇ ದಾರಿ, ಕಾಗದಕ್ಕೆ ಹೊಡೆಯುವುದು. ನಾಲ್ಕಡಿ ಅಗಲದ ಕಾಗದ ಕಟ್ಟಿ, ಹಿಂದೆ ಮಣ್ಣಿನ ದಿಬ್ಬ ಇರುವ ಜಾಗ ನೋಡಿ, ನೀವು ನಿಜವಾಗಿ ಹೊಡೆಯುವ ದೂರದಿಂದ ಹೊಡೆಯಬೇಕು. ಆಮೇಲೆ ಚರೆ ದಟ್ಟವಾಗಿ ಬಿದ್ದ ಕಡೆ ನಡುವೆ ಮಾಡಿ 30 ಇಂಚಿನ ವೃತ್ತ ಎಳೆದು ಎಣಿಸಬೇಕು. ಒಂದೇ ಕಾಗದ ನಂಬಬೇಡಿ, ಪ್ರತಿ ತೋಟೆಗೂ ಐದಾರು ಕಾಗದ ಬೇಕು. ಎಣಿಕೆಯಷ್ಟೇ ಮುಖ್ಯ, ವೃತ್ತದೊಳಗೆ ಪಾರಿವಾಳದ ಗಾತ್ರದ ಖಾಲಿ ಜಾಗ ಎಲ್ಲಾದರೂ ಉಳಿದಿದೆಯಾ ಅನ್ನುವುದು. ಬೇಜಾರಿನ ಕೆಲಸ ಅಂತ ಯಾರೂ ಮಾಡುವುದಿಲ್ಲ. ಆದರೆ ದುಬಾರಿ ತೋಟೆ ತೂತು ತೂತಾಗಿ ಹರಡುವುದನ್ನೂ, ಅಗ್ಗದ್ದು ಸಮನಾಗಿ ಕೂರುವುದನ್ನೂ ಕಾಗದದ ಮೇಲೆ ಕಣ್ಣಾರೆ ಕಂಡ ಮೇಲೆ ಪೆಟ್ಟಿಗೆಯ ಬಣ್ಣ ನೋಡಿ ಕೊಳ್ಳುವ ಮನಸ್ಸೇ ಬರುವುದಿಲ್ಲ.

ಚರೆಗೂ ಮದ್ದಿಗೂ ನಡುವೆ ಇರುವ ವಾಡ್ ಬಗ್ಗೆ ಒಂದು ಮಾತು. ಪ್ಲಾಸ್ಟಿಕ್ಕಿನದು ಚರೆಯನ್ನು ಬಟ್ಟಲಿನೊಳಗೆ ಕಾಪಾಡಿಕೊಂಡು ಹೋಗುತ್ತದೆ, ಹರವು ಸ್ವಲ್ಪ ಬಿಗಿ. ನಾರಿನದು ಸ್ವಲ್ಪ ಅಗಲ. ಆದರೆ ಪ್ಲಾಸ್ಟಿಕ್ ಹೊಲದಲ್ಲೇ ಬಿದ್ದಿರುತ್ತದೆ, ದನ ಕುರಿ ತಿನ್ನುತ್ತವೆ. ಅಲ್ಲಿನ ಎಷ್ಟೋ ರೈತರು ನಾರಿನ ವಾಡ್ ಇದ್ದರೆ ಮಾತ್ರ ಬನ್ನಿ ಅನ್ನುತ್ತಾರೆ. ಹೊಲದ ಯಜಮಾನರನ್ನು ಮೊದಲೇ ಕೇಳಬೇಕು. ಖಾಲಿ ತೋಟೆಗಳನ್ನೂ ಹೆಕ್ಕಿಕೊಂಡು ಬರಬೇಕು.

ಇನ್ನು ಸೀಸ. ಇಂಗ್ಲೆಂಡಿನಲ್ಲಿ ನೀರುಹಕ್ಕಿಗಳಿಗೆ ಸೀಸದ ಚರೆ 1999ರಲ್ಲೇ ನಿಂತಿತು. 2025ರ ಜುಲೈನಲ್ಲಿ ಬ್ರಿಟನ್ ಸರ್ಕಾರ ಬೇರೆ ಕಡೆಯೂ ನಿಲ್ಲಿಸುತ್ತೇವೆ, ಬದಲಾಗಲು ಮೂರು ವರ್ಷ ಸಮಯ ಕೊಡುತ್ತೇವೆ ಅಂತ ಹೇಳಿದೆ. ಕಾರಣ ಸರಿಯಾಗಿದೆ. ಕಾಳು ಅರೆಯಲು ಹಕ್ಕಿಗಳು ಸಣ್ಣ ಕಲ್ಲು ನುಂಗುತ್ತವೆ, ಕಲ್ಲು ಅಂದುಕೊಂಡು ಸೀಸದ ಚರೆಯನ್ನೂ ನುಂಗಿ ವಿಷವೇರಿ ಸಾಯುತ್ತವೆ. ಪಾರಿವಾಳವನ್ನು ಅಲ್ಲಿ ತಿನ್ನುತ್ತಾರೆ ಕೂಡ, ಸೀಸದ ಚೂರು ಮಾಂಸದಲ್ಲಿ ಉಳಿಯುತ್ತದೆ. ಹಾಗಾಗಿ ಹೊಸದಾಗಿ ಶುರು ಮಾಡುವವನು ಸೀಸಕ್ಕೆ ಕೈ ಒಗ್ಗಿಸಿಕೊಂಡು ಆಮೇಲೆ ಬದಲಾಯಿಸುವುದಕ್ಕಿಂತ, ಈಗಲೇ ಸ್ಟೀಲಿಗೆ ಹೋಗುವುದು ಸರಿ ಅಂತ ನನಗೆ ಅನ್ನಿಸುತ್ತದೆ.

ಸ್ಟೀಲಿಗೆ ಲೆಕ್ಕ ಸ್ವಲ್ಪ ಬದಲು. ಸೀಸದ ಸಾಂದ್ರತೆ 11.3, ಸ್ಟೀಲಿನದು 7.8ರಷ್ಟು. ಹಗುರವಾದ್ದರಿಂದ ಬೇಗ ಕಸುವು ಕಳೆದುಕೊಳ್ಳುತ್ತದೆ. ಅದಕ್ಕೆ ಎರಡು ನಂಬರ್ ದಪ್ಪ ತೆಗೆದುಕೊಳ್ಳಬೇಕು, ಸೀಸದ ಆರರ ಬದಲು ಸ್ಟೀಲಿನ ನಾಲ್ಕು. ಹಗುರ ಅನ್ನುವ ಕಾರಣಕ್ಕೇ ದಪ್ಪ ಮಾಡಿದರೂ ಎಣಿಕೆ ಅಷ್ಟೇನೂ ಇಳಿಯುವುದಿಲ್ಲ. ಚೋಕ್ ಅರ್ಧಕ್ಕಿಂತ ಬಿಗಿ ಇರಬಾರದು, ಸ್ಟೀಲ್ ಸೀಸದಂತೆ ಹಿಸುಕಿಕೊಳ್ಳುವುದಿಲ್ಲ, ಹರವು ತಾನಾಗೇ ಬಿಗಿಯಾಗಿರುತ್ತದೆ. ದೂರ 35 ಗಜದೊಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ಕಲ್ಲಿಗೆ, ನೀರಿಗೆ ತಾಗಿದರೆ ಸೀಸಕ್ಕಿಂತ ಜಾಸ್ತಿ ಚಿಮ್ಮುತ್ತದೆ, ಹಿಂದೆ ಏನಿದೆ ಅಂತ ನೋಡದೆ ಹೊಡೆಯಬಾರದು. 'ಹೈ ಪರ್ಫಾರ್ಮೆನ್ಸ್' ಅಂತ ಬರೆದಿರುವ ಸ್ಟೀಲ್ ತೋಟೆಗೆ ನಳಿಗೆ ಮೇಲೆ, ಅದಕ್ಕೆ ಪರೀಕ್ಷೆ ಆಗಿದೆ ಅನ್ನುವ ಲಿಲ್ಲಿ ಹೂವಿನ ಮುದ್ರೆ ಇರಲೇಬೇಕು. ಡಮಾಸ್ಕಸ್ ನಳಿಗೆಗೆ ಸ್ಟೀಲ್ ಬೇಡವೇ ಬೇಡ. ಅಂಥ ಹಳೇ ಕೋವಿಯವರಿಗೆ ಬಿಸ್ಮತ್ ಅನ್ನುವ ಲೋಹದ ಚರೆ ಇದೆ, ಸೀಸದಷ್ಟೇ ಮೆತ್ತಗಿನ ನಡವಳಿಕೆ, ಆದರೆ ಬೆಲೆ ತುಂಬ ಜಾಸ್ತಿ.

ಊರಿನಲ್ಲಿ ಓದುತ್ತಿರುವವರಿಗೆ ಇನ್ನೊಂದು. ನಮ್ಮ ಮಳೆಗಾಲದಲ್ಲಿ ತೋಟೆ ಹಾಳಾಗಲು ಜಾಸ್ತಿ ದಿನ ಬೇಡ. ಕಾಗದದ ಹಳೇ ತೋಟೆ ಉಬ್ಬಿ ಕೋಣೆಗೆ ಕೂರುವುದೇ ಇಲ್ಲ, ಪ್ಲಾಸ್ಟಿಕ್ಕಿನದಕ್ಕೂ ಹಿತ್ತಾಳೆಯ ಬುಡದಲ್ಲಿ ಹಸಿರು ಕಿಲುಬು ಹತ್ತುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲಿ ಇಡಬೇಡಿ. ಗಾಳಿಯಾಡದ ಡಬ್ಬಿ, ಒಣಗಿದ ಜಾಗ, ಬೀಗ. ಉಬ್ಬಿದ್ದನ್ನು ಒತ್ತಿ ತುರುಕಬೇಡಿ. ಹೊಡೆದಾಗ ಶಬ್ದ ಮಂಕಾಗಿ ಬಂದರೆ ಅಲ್ಲೇ ನಿಲ್ಲಿಸಿ, ಕೋವಿ ಬಿಚ್ಚಿ ನಳಿಗೆಯೊಳಗೆ ವಾಡ್ ಸಿಕ್ಕಿಕೊಂಡಿಲ್ಲ ಅಂತ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಇನ್ನೊಂದು ಹಾಕಿ.

ಅಳಿಯನಿಗೆ ಕೊನೆಗೆ ಹೇಳಿದ್ದು ಇಷ್ಟು. ಒಂದೇ ಸಲಕ್ಕೆ 250ರ ದೊಡ್ಡ ಡಬ್ಬ ತರಬೇಡ. ಸ್ಟೀಲಿನ ನಾಲ್ಕು, 28 ಮತ್ತು 30 ಗ್ರಾಂ, ಎರಡು ಮೂರು ಕಂಪನಿಯದ್ದು, 25ರ ಒಂದೊಂದು ಪೆಟ್ಟಿಗೆ ತಾ. ವಾಡ್ ಯಾವುದು ಅಂತ ರೈತರನ್ನು ಕೇಳು, ಸ್ಟೀಲಿಗೂ ಈಗ ಕರಗುವ ವಾಡ್ ಬಂದಿದೆ. ಕಾಲು ಚೋಕ್ ಹಾಕಿ 30 ಗಜದಿಂದ ಕಾಗದಕ್ಕೆ ಹೊಡಿ, ಎಣಿಸು. ಯಾವುದು ಸಮನಾಗಿ ಕೂರುತ್ತದೋ ಅದರ ದೊಡ್ಡ ಡಬ್ಬ ತಗೋ, ಬೇರೆಯವರು ಏನೇ ಹೇಳಲಿ ಅದನ್ನೇ ಹೊಡಿ.